ಐಸ್ ಪ್ಲಾಂಟಿನಲ್ಲಿ ಒಂದು ವೆಬ್ ಸರ್ವರ್

ಆ ವೆಬ್ ಸರ್ವರನ್ನು ಆರಿಸಿದ್ದು ನಾನೇ ಅಲ್ಲವೇನೋ. ಇಷ್ಟು ವರ್ಷ ಕೇಳಿದವರಿಗೆಲ್ಲ, ಕೇಳದವರಿಗೂ, ಮೂರು ವಾರ ಓದಿ, ತೂಗಿ ನೋಡಿ ಅಪಾಚೆ ಎಂಬ ವೆಬ್ ಸರ್ವರನ್ನು ಆರಿಸಿದೆ ಎಂದು ಹೇಳುತ್ತ ಬಂದಿದ್ದೇನೆ. ಮೊನ್ನೆ ಯಾರಿಗೋ ಹಾಗೆ ಹೇಳುತ್ತಿರುವಾಗ ಹೆಂಡತಿ ಸುಮತಿ ಒಳಗಿನಿಂದಲೇ, "ಎಂತ ಆರಿಸಿದ್ದು ನೀವು? ನಿಮ್ಮ ಆಫೀಸಿನ ಕಾಮತರು ಕೊಟ್ಟ ಸೀಡಿಯಲ್ಲಿ ಅದೊಂದೇ ಇದ್ದದ್ದು ಅಲ್ವಾ?" ಎಂದಳು. ಅವಳ ನೆನಪು ನನ್ನದಕ್ಕಿಂತ ಒಳ್ಳೆಯದು. ಅದರಲ್ಲೂ ನನ್ನ ವಿಷಯದ ನೆನಪು. ಮೂರು ವಾರ ತಲೆ ಕೆಟ್ಟದ್ದಂತೂ ನಿಜ. ಯಾವುದಕ್ಕಾಗಿ ಕೆಟ್ಟಿತು ಎಂಬುದು ಮಾತ್ರ ಈಗ ನಮ್ಮ ಮನೆಯಲ್ಲಿ ವಿವಾದದಲ್ಲಿದೆ.

ಬ್ರಾಡ್‌ಬ್ಯಾಂಡ್ ನಮ್ಮ ಕಡೆಗೆ ಹೊಸತಾಗಿ ಬಂದ ಕಾಲ. ನಾನು ಮಣಿಪಾಲದ ಒಂದು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು, ಖಾಸಗಿ ಬಸ್ಸುಗಳ ಹೊತ್ತು ಹೇಳುವ ಒಂದು ಜಾಲತಾಣ ಬರೆದಿದ್ದೆ. ಕಾರ್ಕಳದಿಂದ ಉಡುಪಿಗೆ ಮುಂದಿನ ಬಸ್ಸು ಎಷ್ಟು ಗಂಟೆಗೆ, ಅದು ಹಿರಿಯಡ್ಕದಲ್ಲಿ ನಿಲ್ಲುತ್ತದೆಯೇ, ಕಾಪುವಿಗೆ ಹೋಗುವುದು ಉದ್ಯಾವರದಲ್ಲಿ ಎಷ್ಟು ಹೊತ್ತಿಗೆ ಸಿಗುತ್ತದೆ, ಎಲ್ಲ ಅದರಲ್ಲಿತ್ತು. ಬಸ್ ಮಾಲಕರ ಸಂಘವೊಂದು ಒಪ್ಪಿಕೊಂಡರೆ ಅದಕ್ಕೊಂದು ಬಾಳು. ಇಲ್ಲದಿದ್ದರೆ ಅದು ನನ್ನ ಮೇಜಿನ ಮೇಲೆಯೇ ಮುದಿಯಾಗುವುದು. ಸಂಘದ ಕಾರ್ಯದರ್ಶಿ ಶೆಟ್ಟರು ಎಲ್ಲವನ್ನೂ ತಾಳ್ಮೆಯಿಂದ ನೋಡಿ, "ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಇದ್ದಾನೆ. ಕೇಳಿದರೆ ಹೇಳ್ತಾನೆ. ಇದು ಅವನಿಗಿಂತ ಹೆಚ್ಚು ಎಂತ ಮಾಡ್ತದೆ?" ಎಂದರು. ಅವನು ಊಟಕ್ಕೆ ಹೋಗುತ್ತಾನೆ, ಇದು ಹೋಗುವುದಿಲ್ಲ ಎಂದೆ. ಆ ಉತ್ತರ ನನಗೇ ಬಹಳ ಇಷ್ಟವಾಯಿತು. ಶೆಟ್ಟರಿಗೂ ಇಷ್ಟವಾಯಿತು. "ಹಾಗಾದರೆ ಒಂದು ತಿಂಗಳು ಊಟಕ್ಕೆ ಹೋಗದೆ ಇರಲಿ. ಒಂದು ದಿನ ಕೂಡ ನಿಲ್ಲಬಾರದು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಪರದೆ ಇಡುವ."

ಪುಟಗಳನ್ನು ಬರೆದರೆ ಸಾಲದು. ಯಾರಾದರೂ ಕೇಳಿದಾಗ ಎತ್ತಿ ಕೊಡುವ ತಂತ್ರಾಂಶವೊಂದು ಬೇಕು, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ನಿಂತವನ ಹಾಗೆ. ಅದೇ ವೆಬ್ ಸರ್ವರ್. ಯಾವುದನ್ನು ಇಡುವುದು? ನನ್ನ ಸಹೋದ್ಯೋಗಿ ಕಾಮತರು ಅಪಾಚೆಯ ಪಕ್ಷ. ನಾನು ವಿಂಡೋಸ್ ಜೊತೆಗೇ ಬರುವುದರ ಪಕ್ಷ. ಅಥವಾ ಅದಲುಬದಲು. ದಿನಾ ಮಧ್ಯಾಹ್ನ ಬುತ್ತಿ ಬಿಚ್ಚಿದ ಕೂಡಲೆ ಚರ್ಚೆ ಶುರು. "ಒಮ್ಮೆಲೇ ಸಾವಿರ ಜನ ಬಂದರೆ ಎಂತ ಮಾಡ್ತೀರಿ?" ಎಂದು ಕಾಮತರು ಅನ್ನದ ತುತ್ತು ಕೈಯಲ್ಲಿ ಹಿಡಿದೇ ಕೇಳುವರು. ಹಿರಿಯಡ್ಕದಲ್ಲಿ ಸಾವಿರ ಜನ ಒಟ್ಟಿಗೆ ಬಸ್ಸಿನ ಹೊತ್ತು ಕೇಳುವ ಸಂದರ್ಭ ಯಾವುದೆಂದು ನಾವಿಬ್ಬರೂ ಯೋಚಿಸಲಿಲ್ಲ. ಸಾವಿರ ಸುಳ್ಳು ಪ್ರಯಾಣಿಕರನ್ನು ಸೃಷ್ಟಿಸುವ ಇನ್ನೊಂದು ತಂತ್ರಾಂಶ ತಂದು ಪರೀಕ್ಷಿಸಿದೆವು. ಅಪಾಚೆ ಅಷ್ಟೂ ಜನರಿಗೆ ಉತ್ತರ ಕೊಟ್ಟಿತು. ನಾವು ಕೈ ಕುಲುಕಿಕೊಂಡೆವು. ಇಷ್ಟು ನನಗೆ ಸ್ಪಷ್ಟವಾಗಿ ನೆನಪಿದೆ, ಆದ್ದರಿಂದಲೇ ಅದರ ಮೇಲೆ ಸ್ವಲ್ಪ ಸಂಶಯ.

ಉಳಿದದ್ದು, ಸರ್ವರ್ ನಡೆಯುವ ಕಂಪ್ಯೂಟರ್ ಪೆಟ್ಟಿಗೆಯನ್ನು ಇಡುವುದೆಲ್ಲಿ? ನಮ್ಮ ಮನೆಯಲ್ಲಿ ಮೋಡ ಕಂಡರೆ ಸಾಕು, ಕರೆಂಟು ಹೋಗುತ್ತಿತ್ತು. ಕಚೇರಿಯಲ್ಲಿ ಸ್ವಂತದ್ದನ್ನು ಇಡಲು ಬಿಡರು. ಆಗ ಹೊಳೆದದ್ದು ಉಚ್ಚಿಲದಲ್ಲಿರುವ ನನ್ನ ಅಕ್ಕನ ಗಂಡ, ಜಯಕರ ಬಾವ. ಅವರದ್ದು ಮೀನಿನ ಬೋಟುಗಳಿಗೆ ಮಂಜುಗಡ್ಡೆ ಕೊಡುವ ಐಸ್ ಪ್ಲಾಂಟ್. "ಇಲ್ಲಿ ಕರೆಂಟು ಹೋದರೆ ಐಸ್ ಕರಗ್ತದೆ, ಐಸ್ ಕರಗಿದರೆ ನಾನು ಮುಳುಗ್ತೇನೆ. ಅದಕ್ಕೇ ಜನರೇಟರ್ ಎರಡುಂಟು" ಎಂದರು ಬಾವ. ಅವರ ಆಫೀಸಿಗೆ ಬ್ರಾಡ್‌ಬ್ಯಾಂಡೂ ಬಂದಿತ್ತು. ಅರ್ಜಿ ಕೊಟ್ಟು ಅದಕ್ಕೆ ಇಂಟರ್ನೆಟ್ಟಿನಲ್ಲಿ ಬದಲಾಗದ ಒಂದು ವಿಳಾಸ ಪಡೆದೆ. ಮೇ ತಿಂಗಳ ಒಂದು ದಿನ ಪೆಟ್ಟಿಗೆ ಅಲ್ಲಿ ಗುಂಯ್‌ಗುಡತೊಡಗಿತು. ಹೊರಗೆ ಊರಿಗೆ ಊರೇ ಕರೆಂಟಿಲ್ಲದೆ ಬೀಸಣಿಗೆ ಹಿಡಿದಾಗಲೂ ನನ್ನ ಸರ್ವರು ಮಾತ್ರ ತಣ್ಣಗೆ ನಡೆಯಿತು. ಇಂಥ ಜಾಗ ಹುಡುಕಿದ ನನ್ನ ಬುದ್ಧಿಯನ್ನು ಕಾಮತರು ಎರಡು ಸಲ ಹೊಗಳಿದರು. ನಾನು ಒಂದು ಸಲ ಹೆಚ್ಚಿಗೆ ಹೊಗಳಿಕೊಂಡೆ.

ತಿಂಗಳು ತುಂಬುವ ದಿನ ಸಂಜೆ ನಾಲ್ಕಕ್ಕೆ ಕಾರ್ಕಳದಲ್ಲಿ ಸಂಘದ ಸಭೆ. ಬೆಳಿಗ್ಗೆ ಒಂಬತ್ತಕ್ಕೆ ಕಚೇರಿಗೆ ಬಂದು ನೋಡಿದರೆ ಪುಟ ತೆರೆಯಲಿಲ್ಲ. ಪ್ಲಾಂಟಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ಬಸ್ಸು ಹತ್ತಿ ಉಚ್ಚಿಲಕ್ಕೆ ಹೋದೆ. ಪ್ಲಾಂಟು ಸದ್ದಿಲ್ಲದೆ ಮಲಗಿತ್ತು. ಬಾವ ಮನೆಯ ಜಗಲಿಯಲ್ಲಿ ಬನಿಯನ್ ಹಾಕಿಕೊಂಡು ಪೇಪರ್ ಓದುತ್ತಿದ್ದರು. ನಾವು ಆಡಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಬೈಗುಳದ ಅರ್ಧ ತೂಕ ದಾರಿಯಲ್ಲೇ ಇಳಿದಿರಬಹುದು.

"ಬೋಟೆಲ್ಲ ಮೇಲೆ ಬಂತಲ್ಲ ಮಾರಾಯ. ನಿನ್ನೆ ಸಂಜೆಯೇ ಮೈನ್ ಸ್ವಿಚ್ ತೆಗೆದೆ."

"ನನಗೊಂದು ಮಾತು ಹೇಳಬಾರದಿತ್ತಾ ಬಾವ?"

"ಮಳೆಗಾಲ ಬಂತು ಅಂತ ನಿನಗೆ ಹೇಳಬೇಕಾ? ನೀನು ಹುಟ್ಟಿದ್ದು ಎಲ್ಲಿ, ದಿಲ್ಲಿಯಲ್ಲಾ?"

ನಾನು ಹುಟ್ಟಿದ್ದು ಆ ಪ್ಲಾಂಟಿನಿಂದ ಕೂಗಳತೆಯಲ್ಲಿ. ಮಳೆಗಾಲದಲ್ಲಿ ಕಡಲಿಗಿಳಿಯುವುದಕ್ಕೆ ನಿಷೇಧವೆಂದೂ, ಬೋಟಿಲ್ಲದಿದ್ದರೆ ಮಂಜುಗಡ್ಡೆ ಯಾರಿಗೂ ಬೇಡವೆಂದೂ, ನಮ್ಮ ಓಣಿಯ ಬೆಕ್ಕಿಗೂ ಗೊತ್ತು. ಆ ಎರಡು ತಿಂಗಳು ಅಪ್ಪ ಬಲೆ ಹೆಣೆಯುತ್ತ ಕೂರುತ್ತಿದ್ದರು, ನಾವು ಒಣಮೀನು ತಿಂದು ದೊಡ್ಡವರಾದೆವು. ಸಾವಿರ ಸುಳ್ಳು ಪ್ರಯಾಣಿಕರನ್ನು ಲೆಕ್ಕಕ್ಕೆ ಹಿಡಿದವನು ಮಳೆಗಾಲವನ್ನು ಬಿಟ್ಟಿದ್ದೆ.

ಆದರೂ ಹಾಗೇ ಬಿಡುವ ಮನಸ್ಸಾಗಲಿಲ್ಲ. ಪೆಟ್ಟಿಗೆಯನ್ನೇ ಎತ್ತಿಕೊಂಡು, ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೊರಟೆ. "ಎಂತ ಸರ್ ಅದು, ಟೀವಿಯಾ?" ಎಂದ ಕಂಡಕ್ಟರ್. ಸರ್ವರ್ ಎಂದೆ. ಅವನು ಬಗ್ಗಿ ಮೂಸಿ ನೋಡಿ, "ಯಾವುದಾದರೂ ಆಗಲಿ, ಮಡಿಲಲ್ಲೇ ಇಟ್ಟುಕೊಳ್ಳಿ. ಬಂಗುಡೆ ವಾಸನೆ ಬರ್ತದೆ" ಎಂದ.

ಸಭೆಯಲ್ಲಿ ಮಾನಿಟರ್ ಬೇಡಿ ತಂದು ಜೋಡಿಸಿದೆ. ಶೆಟ್ಟರು ನಕ್ಕರು. "ಎಂತ, ನಿಮ್ಮದು ಊಟಕ್ಕೆ ಹೋಗಿತ್ತಾ?" ನಡೆದದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿ, "ಇರಲಿ. ಇದುವರೆಗೆ ನೋಡಿದವರು ಎಷ್ಟು ಜನ?" ಎಂದರು. ಯಾರು ಯಾವಾಗ ಪುಟ ಕೇಳಿದರೆಂದು ಸರ್ವರ್ ತಾನೇ ಬರೆದಿಟ್ಟುಕೊಳ್ಳುತ್ತದೆ. ಆ ಕಡತವನ್ನು ನಾನೂ ಅಲ್ಲಿಯೇ ಮೊದಲ ಬಾರಿಗೆ ತೆರೆದದ್ದು. ಅಲ್ಲೊಂದು ಇಲ್ಲೊಂದು ಬಿಟ್ಟರೆ ಕಂಡದ್ದು ಒಂದೇ ಸಾಲು, ದಿನವೂ: ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಯಾರೋ ಒಬ್ಬರು ಕಾರ್ಕಳ–ಉಡುಪಿ ಪುಟ ಕೇಳಿದ್ದರು. ಭಾನುವಾರವೂ ಬಿಟ್ಟಿರಲಿಲ್ಲ. ನನಗೆ ನಾಚಿಕೆಯಾಯಿತು. ಶೆಟ್ಟರು ಮಾತ್ರ ಗಂಭೀರವಾದರು. "ದಿನಾ ಬರುವವನನ್ನು ಬಿಡ್ಲಿಕ್ಕಾಗುದಿಲ್ಲ. ನಮ್ಮ ಬಸ್ಸಲ್ಲೂ ಹಾಗೇ, ದಿನಾ ಬರುವವರು ಕಾಣದಿದ್ದರೆ ಅರ್ಧ ನಿಮಿಷ ಕಾಯ್ತೇವೆ. ಇನ್ನೊಂದು ತಿಂಗಳು ತಗೊಳ್ಳಿ. ಐಸ್ ಪ್ಲಾಂಟ್ ಬೇಡ."

ಮಳೆಗಾಲವೇ ಇಲ್ಲದ ಯಾವುದೋ ಊರಿನ ಬಾಡಿಗೆ ಸರ್ವರಿಗೆ ಎಲ್ಲವನ್ನೂ ಸಾಗಿಸಿದೆ. ಅದು ಒಂದು ದಿನವೂ ನಿಲ್ಲಲಿಲ್ಲ. ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಪರದೆ ಬಂತು, ಕೆಲವು ವರ್ಷ ಇತ್ತು ಕೂಡ. ಟೈಮ್‌ಕೀಪರ್ ಅದರ ಕೆಳಗೇ ಕುರ್ಚಿ ಹಾಕಿಕೊಂಡು, ಅದನ್ನು ನೋಡದೆಯೇ ಹೊತ್ತು ಹೇಳುತ್ತಿದ್ದ. ಆ ಒಬ್ಬ ಪ್ರಯಾಣಿಕನನ್ನು ನಾನು ಮನಸ್ಸಿನಲ್ಲೇ ಸಾಕಿಕೊಂಡೆ. ಆಸ್ಪತ್ರೆಯ ನರ್ಸ್ ಇರಬಹುದು, ಕೆಲಸದ ಪಾಳಿಗೆ ಓಡುವವಳು, ಭಾನುವಾರವೂ ಬರುತ್ತಿದ್ದಳಲ್ಲ.

ಮೊನ್ನೆ ಇಷ್ಟನ್ನೂ ಹೇಳಿ ಮುಗಿಸಿದಾಗ ಸುಮತಿ ಹೊರಗೆ ಬಂದು ನಿಂತಳು. "ಪುಟ ತೆರೆಯುವುದಿಲ್ಲ ಅಂತ ನಿಮಗೆ ಗೊತ್ತಾದದ್ದು ಎಷ್ಟು ಗಂಟೆಗೆ?"

ಒಂಬತ್ತಕ್ಕೆ, ಕಚೇರಿಯಲ್ಲಿ ಎಂದೆ.

"ಅಲ್ಲ. ನೀವು ಹಲ್ಲುಜ್ಜುವ ಮೊದಲೇ ಈ ಕೋಣೆಯಿಂದ ಕೂಗಿದ್ದು. ಆ ತಿಂಗಳು ಪೂರ್ತಿ ಎದ್ದ ಕೂಡಲೆ, ಏಳು ಗಂಟೆ ಆಗುವ ಮೊದಲೇ, ಕಂಪ್ಯೂಟರ್ ಎದುರು ಕೂರ್ತಿದ್ದಿರಿ, ಸರ್ವರಿಗೆ ಜೀವ ಉಂಟಾ ಅಂತ ನೋಡ್ಲಿಕ್ಕೆ. ಚಾ ತಣಿದುಹೋಗ್ತಿತ್ತು."

ಹಾಗೆ ನೋಡುತ್ತಿದ್ದೆನೇ? ನೋಡುತ್ತಿದ್ದರೆ ಯಾವ ಪುಟ? ಮೊದಲು ಬರೆದದ್ದು ಕಾರ್ಕಳ–ಉಡುಪಿ ಪುಟ, ಬೆರಳು ತಾನಾಗಿ ಅಲ್ಲಿಗೇ ಹೋಗುತ್ತಿತ್ತು, ಅಷ್ಟು ಒಪ್ಪುತ್ತೇನೆ. ಆ ಕಡತವನ್ನು ಇನ್ನೊಮ್ಮೆ ನೋಡೋಣವೆಂದು ಹಳೆಯ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಬಿಚ್ಚಿದೆ. ಉಚ್ಚಿಲದ ಒಂದು ತಿಂಗಳ ಉಪ್ಪುಗಾಳಿ ತನ್ನ ಕೆಲಸ ಮುಗಿಸಿತ್ತು, ಡಿಸ್ಕ್ ತಿರುಗಲಿಲ್ಲ. ಶೆಟ್ಟರು ಅರ್ಧ ನಿಮಿಷ ಕಾದದ್ದು ಯಾರಿಗಾಗಿ ಎಂದು ನನಗೆ ಗೊತ್ತಿಲ್ಲ.