ಮೂರನೆಯ ನಂಬರಿಗೆ ಒಮ್ಮತ

ಅಲಸಂದೆ ಕಾಳು ಇಷ್ಟು ತಲೆ ತಿನ್ನುತ್ತದೆಂದು ಗೊತ್ತಿದ್ದರೆ ಊರವರು ಬೀಜದ ಮೇಷ್ಟ್ರು ಎಂದು ಕರೆಯುವ ಆ ನೌಕರರು ಕೃಷಿ ಇಲಾಖೆಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಐದು ಹೊಸ ತಳಿಗಳನ್ನು ಊರವರ ಹೊಲದಲ್ಲೇ ಬೆಳೆಸಿ, ಕಾಳು ಬಡಿದು, ಬಂದಷ್ಟನ್ನೂ ನಂಬರು ಹಾಕಿದ ಐದು ಪುಟ್ಟ ಚೀಲಗಳಿಗೆ ತುಂಬಿ ಆಗಿತ್ತು. ಇನ್ನು ಊರಿನ ಗಂಡಸರೂ ಹೆಂಗಸರೂ ಕೂಡಿ ಅವುಗಳಲ್ಲಿ ಒಂದನ್ನು ಆರಿಸಬೇಕು, ಅಷ್ಟೇ. ಆ 'ಕೂಡಿ' ಎಂಬುದೇ ಮೇಷ್ಟ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಡೈರೆಕ್ಟರ್ ಸಾಹೇಬರು ಫೋನಿನಲ್ಲಿ ಹೇಳಿದ್ದರು: "ಸಂಜೆ ನಾನೇ ಬರ್ತೀನಿ. ಗಂಡಸರು ಹೆಂಗಸರು ಇಬ್ಬರೂ ಒಪ್ಪಿದ ಬೀಜಾನ ನನ್ನ ಕಾರಿಗೆ ಹಾಕಿ, ಜೊತೆಗೆ ನೀವೂ ಹತ್ತಿ. ಪಟ್ಟಣಕ್ಕೆ ವರ್ಗ ಮಾಡಿಸ್ತೀನಿ."

ಪಟ್ಟಣದಲ್ಲಿ ಮೇಷ್ಟ್ರ ಹೆಂಡತಿ, ಮಗಳು ಇದ್ದರು. ಹೋದ ಸಲ ಮನೆಗೆ ಹೋದಾಗ ಮಗಳು ಬಾಗಿಲು ತೆರೆದು, "ಅಮ್ಮಾ, ಯಾರೋ ಅಂಕಲ್ ಬಂದಿದಾರೆ" ಎಂದಿದ್ದಳು. ಮೇಷ್ಟ್ರು ಬೆಳಿಗ್ಗೆ ಎದ್ದವರೇ ಹಾಸಿಗೆ ಸುತ್ತಿ ಕಟ್ಟಿಟ್ಟರು.

ಗೋದಾಮಿನ ಅಂಗಳದಲ್ಲಿ ಪ್ರತಿ ಚೀಲದ ಮುಂದೊಂದು ತಟ್ಟೆ. ಗಂಡಸರು ಇಷ್ಟವಾದ ತಟ್ಟೆಗೆ ಮುಸುಕಿನ ಜೋಳದ ಕಾಳು ಹಾಕಬೇಕು, ಹೆಂಗಸರು ಸೂರ್ಯಕಾಂತಿ ಬೀಜ. ಈ ಬುದ್ಧಿ ಮೇಷ್ಟ್ರದೇ. ಎಲ್ಲರೂ ಹಾಕಿದರು. ಎಣಿಸುವ ಮುಂಚೆ ಒಂದು ಲೋಟ ನೀರು ಕುಡಿಯೋಣವೆಂದು ಅವರು ಒಳಗೆ ಹೋಗಿ ಬರುವಷ್ಟರಲ್ಲಿ ಕೋಳಿಗಳು ತಟ್ಟೆಗಳನ್ನು ತೊಳೆದಿಟ್ಟಂತೆ ಮಾಡಿದ್ದವು.

"ನಮ್ಮ ವೋಟೆಲ್ಲ ಕೋಳಿ ತಿಂತಲ್ರಯ್ಯಾ!" ಎಂದು ಕೂಗಿದ ದೊಡ್ಡಪ್ಪ. ಊರಿನ ಗಂಡಸರಿಗೆಲ್ಲ ಅವನೇ ಮುಂದಾಳು. ಹೆಂಗಸರ ಮುಂದಾಳು ದೊಡ್ಡಮ್ಮ, ಅವನ ಹೆಂಡತಿ.

"ನಮ್ಮ ವೋಟೂ ತಿಂದಿದೆ, ಸುಮ್ನಿರಿ," ಎಂದಳು ದೊಡ್ಡಮ್ಮ.

"ಅದು ನಿಮ್ಮನೆ ಕೋಳಿ!"

"ನಿಮ್ಮನೆ, ನಮ್ಮನೆ ಬೇರೆ ಆಗಿದ್ದು ಯಾವಾಗ?"

ಎರಡನೆಯ ಸಲ ಗಂಡಸರಿಗೆ ಬೆಣಚುಕಲ್ಲು, ಹೆಂಗಸರಿಗೆ ಕರಿಕಲ್ಲು ಕೊಟ್ಟು ವೋಟು ಹಾಕಿಸಿದರು. ಗಂಡಸರದೆಲ್ಲ ಒಂದನೆಯ ನಂಬರಿಗೆ, ಹೆಂಗಸರದೆಲ್ಲ ಮೂರನೆಯದಕ್ಕೆ. ಎರಡೂ ಸರಿಸಮ.

"ಒಂದನೇದರ ಇಳುವರಿ ನೋಡೇ, ತೂಕ ನೋಡು!"

"ತೂಕಾನ ಕಚ್ಚಿ ತಿಂತೀರಾ? ಅದು ಬೇಯೋಕೆ ಒಂದು ಹೊರೆ ಸೌದೆ ಬೇಕು. ಹೊತ್ಕೊಂಡು ಬರೋರು ನೀವಾ?"

ಮೇಷ್ಟ್ರು ಆಚೆಗೊಮ್ಮೆ ಈಚೆಗೊಮ್ಮೆ ಕೈಮುಗಿದರು. ಕೊನೆಗೆ, "ಜಗಳ ಬೇಡ, ಒಂದೊಂದು ಪಾವು ಬೇಯಿಸಿ ನೋಡೇಬಿಡೋಣ" ಎಂದರು. ಇದೂ ಅವರದೇ ಬುದ್ಧಿ.

ಐದು ಒಲೆ ಹೊತ್ತಿದವು. ಒಂದನೆಯ ನಂಬರು ಪಾತ್ರೆಯಲ್ಲಿ ಗೋಲಿಗಳಂತೆ ಟಣಟಣ ಎನ್ನುತ್ತಲೇ ಇತ್ತು. ಮೂರನೆಯದು ನೋಡುನೋಡುತ್ತಲೇ ಬೆಂದು ಅಂಗಳದ ತುಂಬಾ ಘಮಘಮ ಎಂದಿತು. ದೊಡ್ಡಪ್ಪ ಮುಖ ಗಂಟಿಕ್ಕಿಕೊಂಡೇ ಒಂದು ತಟ್ಟೆ ಮುಗಿಸಿದ.

"ಹೇಗಿದೆ ದೊಡ್ಡಪ್ಪಾ?" ಎಂದು ಮೇಷ್ಟ್ರು ಉಸಿರು ಹಿಡಿದು ಕೇಳಿದರು.

"ಪರವಾಗಿಲ್ಲ. ಆದ್ರೂ ಸ್ವಲ್ಪ ಅನುಮಾನ ಇದೆ." ತಟ್ಟೆ ಮುಂದೆ ಬಂತು.

ನೋಡಿದರೆ ಗಂಡಸರಿಗೆಲ್ಲ ಅನುಮಾನ. ಎರಡನೆಯ ತಟ್ಟೆ ಮುಗಿದ ಮೇಲೆ ಅನುಮಾನ ಇನ್ನೂ ಹೆಚ್ಚಾಯಿತು. ಹೆಂಗಸರು ಸುಮ್ಮನಿದ್ದಾರೆಯೇ? "ನಾವು ಆರಿಸಿದ್ದು ಸರಿಯೋ ತಪ್ಪೋ, ನಾವೂ ನೋಡ್ಬೇಕಲ್ಲ" ಎಂದು ಅವರೂ ಸಾಲಾಗಿ ಕೂತರು.

"ಮೇಷ್ಟ್ರೇ, ಇನ್ನೊಂದು ಪಾತ್ರೆ ಇಡ್ಲಾ?" ಎಂದು ದೊಡ್ಡಮ್ಮ ಒಲೆಯ ಹತ್ತಿರದಿಂದ ಕೂಗಿದಳು.

ಗಂಡಸರ ಮುಖ ಸಡಿಲವಾಗುತ್ತಿರುವುದನ್ನು ಕಂಡು ಮೇಷ್ಟ್ರು ಆಗಲೇ ಮನಸ್ಸಿನಲ್ಲಿ ಕಾರು ಹತ್ತಿದ್ದರು. "ನನ್ನ ಕೇಳ್ಲೇಬೇಡಿ ದೊಡ್ಡಮ್ಮಾ, ಇಡ್ತಾ ಇರಿ! ಅನುಮಾನ ಯಾರಿಗೂ ಉಳೀಬಾರ್ದು!" ಎಂದರು. ಬಡಿಸುವ ಓಡಾಟದಲ್ಲಿ ಅವರಿಗೆ ಒಂದು ಕಾಳನ್ನೂ ಬಾಯಿಗೆ ಹಾಕಿಕೊಳ್ಳಲು ಪುರುಸೊತ್ತಾಗಲಿಲ್ಲ.

ಸಂಜೆ ಕಾರು ಬಂತು. ಸಾಹೇಬರ ಕೈಗೂ ಒಂದು ತಟ್ಟೆ ಕೊಟ್ಟರು.

"ಯಾವುದಪ್ಪಾ ಆರಿಸಿದ್ರಿ?"

"ಮೂರು!" ದೊಡ್ಡಪ್ಪ, ದೊಡ್ಡಮ್ಮ, ಇಡೀ ಊರು ಒಂದೇ ಸ್ವರದಲ್ಲಿ ಕೂಗಿತು. ಗೋದಾಮಿನ ತಗಡು ಅದುರಿತು. ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು.

"ಭೇಷ್! ಎಲ್ಲಿ, ಬೀಜ ತನ್ನಿ."

ಮೇಷ್ಟ್ರು ಹಾರಿಕೊಂಡು ಹೋದರು. ಮೂರನೆಯ ನಂಬರಿನ ಚೀಲ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಎತ್ತಿ ಕೊಡವಿದರು, ಸ್ವಲ್ಪ ಧೂಳು ಉದುರಿತು.

"ದೊಡ್ಡಮ್ಮಾ... ಬೀಜ?"

"ಕೇಳ್ಲೇಬೇಡಿ, ಇಡ್ತಾ ಇರಿ ಅಂದ್ರಲ್ಲ, ಇಟ್ಟೆ. ಕೊನೇ ಸೌಟು ಸಾಹೇಬರಿಗೆ ಬಡಿಸಿದ್ದು."

ಎಲ್ಲರೂ ಸಾಹೇಬರತ್ತ ತಿರುಗಿದರು. ಅವರು ತಟ್ಟೆಯನ್ನು ಬೆರಳಿನಿಂದ ಬಳಿಯುತ್ತಿದ್ದರು.

"ನಮ್ಮ ಹತ್ರ ಇದ್ದ ಮೂರನೇದೆಲ್ಲ ಬಿತ್ತೋಕೆ ಈ ಊರಿಗೇ ಕಳಿಸಿದ್ದೆನಲ್ರೀ," ಎಂದರು ಸಾಹೇಬರು, ಬೆರಳು ಬಾಯಿಂದ ತೆಗೆದು. "ಹೋಗಲಿ, ಎರಡನೇದೋ ನಾಲ್ಕನೇದೋ ಆದೀತಾ?"

"ಮೂರೇ ಬೇಕು!" ಎಂದಿತು ಊರು.

ಸಾಹೇಬರು ಮೇಷ್ಟ್ರ ಬೆನ್ನು ತಟ್ಟಿದರು. "ಗಂಡಸರು ಹೆಂಗಸರಲ್ಲಿ ಇಷ್ಟು ಒಗ್ಗಟ್ಟು ನಾನೆಲ್ಲೂ ಕಂಡಿಲ್ಲ. ನಿಮ್ಮಂಥವರನ್ನ ಇಲ್ಲಿಂದ ಕಿತ್ತರೆ ಪಾಪ ಬರುತ್ತೆ. ಮುಂದಿನ ಬೆಳೆಗೆ ಹತ್ತು ಹೊಸ ತಳಿ ಕಳಿಸ್ತೀನಿ, ಆಯ್ಕೆ ನೀವೇ ಮಾಡಿಸಿ."

ಕಾರು ಧೂಳೆಬ್ಬಿಸಿ ಹೊರಟುಹೋಯಿತು. ಮೇಷ್ಟ್ರು ಖಾಲಿ ಚೀಲ ಹಿಡಿದು ನಿಂತೇ ಇದ್ದರು. ದೊಡ್ಡಮ್ಮನಿಗೆ ಕರುಳು ಚುರುಕ್ ಎಂದಿತು. ಹತ್ತಿರ ಬಂದು ಸಮಾಧಾನ ಹೇಳಿದಳು:

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಮುಂದಿನ ಸಲ ಚೀಲ ಸ್ವಲ್ಪ ದೊಡ್ಡದೇ ತರಿಸಿ. ಇದು ಊರಿಗೆ ಸಾಲಲಿಲ್ಲ."