ಬಾವಿಯ ಬೀಗ ಮತ್ತು ನಮ್ಮ ವಕೀಲ ಮಾವ

ನಮ್ಮ ಸೋದರಮಾವನ ಜೊತೆ ವಾದ ಮಾಡಿ ಗೆದ್ದವರೇ ಇಲ್ಲವೆಂದರೆ ಸುಳ್ಳಾಗುತ್ತದೆ. ಬೇಕಾದಷ್ಟು ಜನ ಗೆದ್ದಿದ್ದಾರೆ. ತಾನು ಸೋತದ್ದನ್ನು ಆತ ಒಪ್ಪಿಲ್ಲ, ಅಷ್ಟೇ!

ಮಾವ ಬಾಗಲಕೋಟೆಯಲ್ಲಿ ವಕೀಲ. ಒಮ್ಮೆ ಹುನಗುಂದದ ವಿಧವೆಯೊಬ್ಬಳ ಹೊಲವನ್ನು ಮೈದುನರು ಕಸಿದುಕೊಂಡಿದ್ದರು. ಅವಳ ಪರ ಮಾವ ಕನ್ನಡದಲ್ಲೇ ವಾದ ಶುರು ಮಾಡಿದ. ಹೊಸದಾಗಿ ಬಂದಿದ್ದ ಇಂಗ್ಲಿಷ್ ಜಡ್ಜ್ ಸಾಹೇಬರು, ಇಂಗ್ಲಿಷಿನಲ್ಲಿ ಮಾತಾಡು ಎಂದು ಗದರಿದರು.

"ಹೊಲಾ ಹೋದ್ರ ಈಕೀದು ಹೋಗ್ತದರಿ, ಸಾಹೇಬ್ರ. ಈಕಿಗೆ ತಿಳೀಲಾರದ ವಾದಾ ನಾ ಮಾಡೂದಿಲ್ಲ!"

ಹೊಲ ಉಳಿಯಿತು. ಪ್ರತಿ ಮಾತನ್ನೂ ಇಂಗ್ಲಿಷಿಗೆ ತರ್ಜುಮೆ ಮಾಡಿದ ಗುಮಾಸ್ತನ ಗಂಟಲು ಮಾತ್ರ ಎಂಟು ದಿನ ಕಟ್ಟಿತ್ತು!

ಇಂಥವನು ಸುಮ್ಮನೆ ವಕೀಲಿ ಮಾಡಿಕೊಂಡಿರಬಾರದಿತ್ತೇ? ಅಷ್ಟರಲ್ಲಿ ಅವನ ಹುಟ್ಟೂರು ಇಳಕಲ್‌ನಲ್ಲಿ ನೇಕಾರರ ಓಣಿಯ ಬಾವಿಗೆ ತಾಲೂಕು ಬೋರ್ಡಿನ ಬೀಗ ಬಿತ್ತು. ಸರಕಾರಿ ಬಂಗಲೆಯ ಹೂದೋಟಕ್ಕೆ ನೀರು ಸಾಲದಂತೆ! ನೂಲಿಗೆ ಬಣ್ಣ ಹಾಕಲು ನೀರಿಲ್ಲದೆ ಮಗ್ಗಗಳು ನಿಂತವು. ಮಾವ ಆ ಬೋರ್ಡಿನ ಚುನಾವಣೆಗೇ ನಿಂತ.

"ನಿಮಗ ಕೈ ಮುಗ್ಯಾಕ ಬಂದಿಲ್ಲ," ಎಂದು ಮತದಾರರಿಗೇ ಹೇಳಿದ. "ಬಾವಿ ಬೇಕಾದ್ರ ನನಗ ಹಾಕ್ರಿ. ಹೂವ ಬೇಕಾದ್ರ ಬೀಗ ಹಾಕಿದಾವ್ರಿಗೆ ಹಾಕ್ರಿ!"

ಗೆದ್ದ! ಮೊದಲ ಸಭೆಯಲ್ಲೇ ಬಾವಿಯ ಮಾತು ತೆಗೆದ. ಅಧ್ಯಕ್ಷರು ಗಡಿಯಾರ ನೋಡಿ, "ಮುಂದ ವಿಚಾರ ಮಾಡೂಣ್ರಿ" ಎಂದರು. ಮಾವ ಸಭೆಯಿಂದೆದ್ದು ನೆಟ್ಟಗೆ ಇಳಕಲ್‌ಗೆ ಹೋಗಿ, ಹಾಡುಹಗಲೇ ಕಲ್ಲೆತ್ತಿ ಬೀಗ ಒಡೆದ.

ಪೊಲೀಸ್ ಫೌಜದಾರರು ಬಂದು, "ಒಡದಾವ್ರು ಯಾರು?" ಎಂದರು.

"ನಾನ. ಹೆಸರು ಸರಿಯಾಗಿ ಬರ್ಕೋರಿ. ಹ್ವಾದ ಸಲ ನಿಮ್ಮ ಕಾಗದದಾಗ ತಪ್ಪ ಬಿದ್ದಿತ್ತು!"

ಬಾವಿಗೆ ಮತ್ತೆ ಬೀಗ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಆದರೆ ಬೀಗ ಒಡೆದ ತಪ್ಪಿಗೆ ಮಾವನ ವಕೀಲಿ ಸನದು ಹೋಯಿತು. ಇನ್ನು ಯಾವ ಕೋರ್ಟಿನಲ್ಲೂ ವಾದಿಸುವಂತಿಲ್ಲ.

ಆ ಸುದ್ದಿ ಬಂದ ಮಧ್ಯಾಹ್ನ ನಾನು ಮಾವನ ಮನೆಯಲ್ಲೇ ಇದ್ದೆ. ಮಾವ ಕರಿ ಕೋಟನ್ನು ಮಡಿಲಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದ. ಊಟಕ್ಕೆ ಕರೆದರೆ ಏಳಲಿಲ್ಲ. ಅತ್ತೆ ಒಳಗಿನಿಂದ ಬಂದಳು. ಕೋಟು ಎತ್ತಿಕೊಂಡು ತನ್ನ ಸೀರೆಯ ಮೇಲೇ ತೊಟ್ಟುಕೊಂಡಳು. ಕೋಟಿನ ತೋಳುಗಳು ಬೆರಳ ತುದಿಯವರೆಗೆ ಇಳಿಬಿದ್ದವು.

"ಇವತ್ತಿನಿಂದ ವಕೀಲಕಿ ನಾ ಮಾಡ್ತೇನಿ. ಹೇಳ್ರಿ, ನಿಮ್ಮ ತಕರಾರ ಏನು?"

ಮಾವ ನಕ್ಕ. ನಗುನಗುತ್ತಲೇ ಅತ್ತ. ಅತ್ತೆ ಎದುರಿಗೆ ಕೂತು, ಆ ಉದ್ದ ತೋಳಿನಿಂದಲೇ ಅವನ ಕಣ್ಣೊರೆಸಿದಳು.