ಟೀಚರಮ್ಮ ಹಾಕಿದ ಅಂಕ

ತಪಾಸಣೆಯ ಸುದ್ದಿಯನ್ನು ನಿಧಾನಪ್ಪ ಮೆಟ್ಟಿಲ ಮೇಲೆ ನಿಂತು ಹೇಳಬಾರದಿತ್ತು. ಹೇಳಿದ. ಅಲ್ಲಿಗೆ ಅವನ ದಿನ ಕೆಟ್ಟಿತು.

ಅವನ ನಿಜವಾದ ಹೆಸರು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆ ಆರೈಕೆ ಸಂಸ್ಥೆಯಿಂದ ಬಂದು, ಸೊಂಟದ ಮೂಳೆ ಮುರಿದುಕೊಂಡಿದ್ದ ಲೆಕ್ಕದ ಟೀಚರಮ್ಮನನ್ನು ಮೂರು ವರ್ಷದಿಂದ ಹಗಲೆಲ್ಲ ನೋಡಿಕೊಳ್ಳುತ್ತಿದ್ದ. ಅವರನ್ನು ಏಳಿಸುವಾಗ, ನಡೆಸುವಾಗ, ಕೂರಿಸುವಾಗ ಅವನು "ನಿಧಾನ, ನಿಧಾನ" ಅನ್ನುವುದು ಗೋಡೆಯಾಚೆಗೂ ಕೇಳಿ ಆ ಹೆಸರೇ ಅಂಟಿಕೊಂಡಿತು. ಈ ಮೂರು ವರ್ಷದಲ್ಲಿ ಟೀಚರಮ್ಮ ಒಮ್ಮೆಯೂ ಬಿದ್ದಿರಲಿಲ್ಲ, ಮಲಗಿ ಮಲಗಿ ಬೆನ್ನು ಹುಣ್ಣಾಗಿರಲಿಲ್ಲ, ಒಂದು ಮಾತ್ರೆ ಹೊತ್ತು ತಪ್ಪಿರಲಿಲ್ಲ. ಈ ಮಾತು ಬಂದರೆ ಸಾಕು, ನಿಧಾನಪ್ಪನ ಎದೆ ಉಬ್ಬುತ್ತಿತ್ತು. ಉಬ್ಬಲಿ ಬಿಡಿ, ಆ ಹೆಮ್ಮೆ ಅವನು ದುಡಿದು ಗಳಿಸಿದ್ದು.

"ಇವತ್ತು ಸಂಸ್ಥೆಯಿಂದ ಮೇಡಂ ಬರ್ತಾರೆ ಅಕ್ಕಾ," ಅಂದ ಎದುರುಮನೆಯಾಕೆಗೆ. "ಎಲ್ಲ ನೋಡಿ, ಟೀಚರಮ್ಮನ ಕೈಲಿ ನೂರಕ್ಕೆ ಅಂಕ ಹಾಕಿಸಿ, ಅವರ ಕೃಪಾಂಕನೂ ಸೇರಿಸ್ತಾರೆ. ಒಟ್ಟು ಎಪ್ಪತ್ತು ಬಂದ್ರೆ ನಾನು ತರಬೇತಿ ಕೊಡೋ ಮೇಷ್ಟ್ರು! ಮೂವತ್ತು ಜನ ನನ್ನ ಸರ್ ಸರ್ ಅಂತ ಕರೀತಾರೆ."

"ಅಯ್ಯೋ, ಹಾಗಾದ್ರೆ ನಾವೆಲ್ಲ ಇರೋದ್ಯಾಕೆ!" ಅಂದು ಆಕೆ ಸೆರಗು ಸಿಕ್ಕಿಸಿಯೇಬಿಟ್ಟರು.

ನಿಧಾನಪ್ಪ ಟೀಚರಮ್ಮನ ತಲೆ ಬಾಚಿ ಬರುವಷ್ಟರಲ್ಲಿ ಸುದ್ದಿ ಕೇಳಿಸಿಕೊಂಡಿದ್ದ ಕೆಳಮನೆಯ ದರ್ಜಿ ಬಚ್ಚಲಿನಿಂದ ಹೊರಬಂದ. ಅಲ್ಲಿ ಹಿಡಿದು ನಿಲ್ಲಲು ಹಾಕಿದ್ದ ಕಬ್ಬಿಣದ ಸರಳಿಗೆ ನುಣುಪು ಬಟ್ಟೆ ಸುತ್ತಿ ಝಾಲರಿ ಹೊಲಿದಿದ್ದ.

"ಬರೀ ಕಬ್ಬಿಣ ಅಷ್ಟು ಚೆನ್ನಾಗಿರ್ಲಿಲ್ಲ ಕಣಯ್ಯಾ."

"ಅಣ್ಣಾ, ಇದನ್ನ ಹಿಡಿದ್ರೆ ಕೈ ಜಾರುತ್ತೆ!"

"ಹಿಡಿಯೋದ್ಯಾಕೆ? ಮೇಡಂ ನೋಡ್ಲಿ!"

ನಿಧಾನಪ್ಪ ಬಟ್ಟೆ, ಝಾಲರಿ ಎಲ್ಲ ಕಿತ್ತು ಬರುತ್ತಾನೆ, ಮಾತ್ರೆ ಡಬ್ಬಿ ಖಾಲಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ವಾರಕ್ಕೆ ವಿಂಗಡಿಸಿಟ್ಟ ಮಾತ್ರೆಗಳೆಲ್ಲ ಒಂದೇ ಬಟ್ಟಲಲ್ಲಿ ಬೆರೆತು ಕುಳಿತಿದ್ದವು.

"ಡಬ್ಬಿ ಗಲೀಜಾಗಿತ್ತು, ತೊಳೆದಿಟ್ಟೆ," ಅಂದರು ಎದುರುಮನೆಯಾಕೆ.

ನಿಧಾನಪ್ಪ ಡಾಕ್ಟರ ಚೀಟಿ ಮುಂದಿಟ್ಟುಕೊಂಡು ಒಂದೊಂದೇ ಮಾತ್ರೆ ಗುರುತಿಸಿ ಮತ್ತೆ ತುಂಬಿದ. ಟೀಚರಮ್ಮ ಕುರ್ಚಿಯಿಂದಲೇ, "ಬಿಳಿದು ಒಂದು ಕಡಿಮೆ ಇದೆ, ಮೇಜಿನ ಕೆಳಗೆ ನೋಡು," ಅಂದರು. ಅಲ್ಲೇ ಇತ್ತು. ಅದನ್ನು ಎಸೆದು ಹೊಸದು ಹಾಕುವಾಗ ಬಾಗಿಲ ಗಂಟೆ ಹೊಡೆಯಿತು.

ಅಷ್ಟರಲ್ಲಿ ಪುಣ್ಯಾತ್ಗಿತ್ತಿ ಎದುರುಮನೆಯಾಕೆ ನಡುಮನೆಗೆ ಸೋಪಿನ ನೀರು ಹಾಕಿ ಒರೆಸಿಯಾಗಿತ್ತು. ಮೇಡಂ ಒಳಗೆ ಕಾಲಿಟ್ಟರು, ಕಾಲು ಅವರಿಗಿಂತ ಮುಂದೆ ಹೋಯಿತು. "ಅಯ್ಯಯ್ಯೋ" ಅಂತ ಹಿಡಿಯಲು ಓಡಿದ ಎದುರುಮನೆಯಾಕೆಯೂ ಜಾರಿದರು. ನಿಧಾನಪ್ಪ ಒಂದು ತೋಳಿನಲ್ಲಿ ಮೇಡಮ್ಮನ ಸೊಂಟ ಬಳಸಿ, ಇನ್ನೊಂದು ಕೈಯಲ್ಲಿ ಈಕೆಯ ರಟ್ಟೆ ಹಿಡಿದು, ಮಂಡಿ ಊರಿ, "ನಿಧಾನ, ನಿಧಾನ" ಅನ್ನುತ್ತ ಇಬ್ಬರನ್ನೂ ಸೋಫಾದ ಮೇಲೆ ಹೂವಿನಂತೆ ಇಳಿಸಿದ. ದರ್ಜಿಯೂ ದೊಪ್ಪನೆ ಬಿದ್ದ, ಆದರೆ ಅವನು ಸುಮ್ಮನೆ ನೋಡಲು ಬಂದು ಬಿದ್ದವನು, ಲೆಕ್ಕಕ್ಕಿಲ್ಲ.

"ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ಹಿಡಿತ ನೋಡಿಲ್ಲ ಕಣ್ರೀ!" ಅಂದರು ಮೇಡಂ ಏದುಸಿರು ಬಿಡುತ್ತ. ಆಮೇಲೆ ಮಂಚದ ತಡೆ, ಮಾತ್ರೆ ಡಬ್ಬಿ, ಬಚ್ಚಲು ಎಲ್ಲ ನೋಡಿ ತಲೆದೂಗಿದರು. "ನನ್ನ ಪಾಲಿನ ಕೃಪಾಂಕ ಇಪ್ಪತ್ತು ಪೂರ್ತಿ ಕೊಟ್ಟಿದೀನಿ. ಇನ್ನು ಟೀಚರ್ ಅಂಕ ಹಾಕಿದ್ರೆ ಆಯ್ತು."

ನಿಧಾನಪ್ಪನಿಗೆ ಆಗಲೇ ಮೂವತ್ತು ಜನ ಸಾಲಾಗಿ ನಿಂತು ಸರ್ ಅಂದಂತೆ ಕೇಳಿಸಿತು. ಟೀಚರಮ್ಮ ಹಾಳೆಯನ್ನು ಹಿಂದೆ ಮುಂದೆ ಓದಿ, ಅಂಕ ಬರೆದು ಕೊಟ್ಟರು. ನೋಡಿದ ಮೇಡಮ್ಮನ ಮುಖ ಇಳಿದುಹೋಯಿತು.

"ಮೂವತ್ತೈದು. ನನ್ನ ಇಪ್ಪತ್ತು ಸೇರಿಸಿದ್ರೂ ಐವತ್ತೈದೇ ಆಗೋದು."

ನಿಧಾನಪ್ಪ ಟೀಚರಮ್ಮನ ಕುರ್ಚಿಯ ಮುಂದೆ ಬಂದು ನಿಂತ. "ನಾನೇನು ತಪ್ಪು ಮಾಡ್ದೆ ಟೀಚರಮ್ಮಾ?"

"ಒಂದೂ ಇಲ್ಲ. ನಲವತ್ತು ವರ್ಷ ಪೇಪರ್ ತಿದ್ದಿದೀನಿ, ನಿನ್ನಷ್ಟು ಅಚ್ಚುಕಟ್ಟಾದೋನನ್ನ ಕಂಡಿಲ್ಲ."

"ಮತ್ತೆ ಮೂವತ್ತೈದು?"

"ಹಾಳೆ ಹಿಂದೆ ಸಣ್ಣಕ್ಷರದಲ್ಲಿದೆ, ನೀನು ಓದಿಲ್ಲ. ನಾನು ಮೂವತ್ತೈದಕ್ಕಿಂತ ಕಡಿಮೆ ಕೊಟ್ರೆ ನಿನ್ನ ಕೆಲಸದಿಂದ ತೆಗೀತಾರೆ. ಒಟ್ಟು ಎಪ್ಪತ್ತಾದ್ರೆ ಮೇಷ್ಟ್ರಾಗಿ ಹೋಗಿಬಿಡ್ತೀಯ. ನಡುವೆ ಇದ್ರೆ ಇನ್ನೊಂದು ವರ್ಷ ಇದೇ ಮನೆ. ಬೇರೆ ಯಾರ ಕೈ ಹಿಡಿದು ಏಳೋಕೂ ನಂಗೆ ಧೈರ್ಯ ಇಲ್ಲ ಕಣೋ."

ಅವನಿಗೆ ಸಿಟ್ಟು ಬಂತು, ಅದಕ್ಕಿಂತ ಮೊದಲು ಆ ಹಾಳು ಹೆಮ್ಮೆ ಉಕ್ಕಿ ಬಂತು. "ಹೋಗ್ಲಿ, ನಲವತ್ತೊಂಬತ್ತಾದ್ರೂ ಕೊಡ್ಬಹುದಿತ್ತಲ್ಲ? ಆಗ್ಲೂ ಅರವತ್ತೊಂಬತ್ತೇ ಆಗ್ತಿತ್ತು."

"ಒಂದೇ ಅಂಕ ಕಡಿಮೆ ಅಂತ ಮೇಡಂ ಮನಸ್ಸು ಕರಗಿ, ಇಪ್ಪತ್ತರ ಮೇಲೆ ಇನ್ನೊಂದು ಸೇರಿಸಿಬಿಟ್ರೆ? ನನಗೆ ಗೊತ್ತಿಲ್ವಾ ಆ ಆಟ?"

ನಿಧಾನಪ್ಪ ಮೇಡಮ್ಮನ ಕಡೆ ತಿರುಗಿದ. "ಮುಂದಿನ ವರ್ಷ ಅಂಕ ಹಾಕೋರು ಯಾರು ಮೇಡಂ?"

"ನಾನೇ," ಅಂದರು ಟೀಚರಮ್ಮ, ಪೆನ್ನಿಗೆ ಮುಚ್ಚಳ ಹಾಕುತ್ತ.